ನೀರು ತುಂಬಿಕೊಂಡೇ ಬಾವಿಗಿಳಿಯುವ ಮೋಟರು

ಕರೆಂಟಿಗೂ ನೀರಿಗೂ ಆಗಿಬರುವುದಿಲ್ಲ ಎಂಬುದು ಮಕ್ಕಳಿಗೂ ಗೊತ್ತು. ಆದರೂ ನೂರಾರು ಅಡಿ ಆಳದ ಕೊಳವೆಬಾವಿಯೊಳಗೆ, ನೀರಿನಲ್ಲೇ ಮುಳುಗಿ ಮೋಟರು ವರ್ಷಗಟ್ಟಲೆ ಓಡುತ್ತದೆ. ಅದನ್ನು ಅದೆಷ್ಟು ಭದ್ರವಾಗಿ ಮುಚ್ಚಿರಬೇಕು ಅನ್ನಿಸುವುದು ಸಹಜ. ಆದರೆ ಕೊಯಮತ್ತೂರಿನಲ್ಲಿ ತಯಾರಾಗುವ ಎಷ್ಟೋ ಸಬ್‌ಮರ್ಸಿಬಲ್ ಮೋಟರುಗಳ ಒಳಗೆ ಮೊದಲೇ ನೀರು ತುಂಬಿರುತ್ತದೆ!

ಕೊಯಮತ್ತೂರು, ತಿರುಪ್ಪೂರು ಸೀಮೆ ಪಶ್ಚಿಮ ಘಟ್ಟದ ಮಳೆನೆರಳಿನಲ್ಲಿದೆ. ಅಲ್ಲಿನ ಬೇಸಾಯ ಮೊದಲಿನಿಂದಲೂ ಬಾವಿಯನ್ನೇ ನಂಬಿದ್ದು. ಒಂದು ಕಾಲಕ್ಕೆ ನಮ್ಮ ಬಯಲುಸೀಮೆಯಂತೆ ಅಲ್ಲೂ ಎತ್ತು ಕಟ್ಟಿ ಕಪಿಲೆ ಹೊಡೆಯುತ್ತಿದ್ದರು. 1930ರ ದಶಕದಲ್ಲಿ ನೀಲಗಿರಿಯ ಪೈಕಾರದಿಂದ ವಿದ್ಯುತ್ ಬಂತು. 1937ರಲ್ಲಿ ಜಿ.ಡಿ. ನಾಯ್ಡು ಮತ್ತು ಡಿ. ಬಾಲಸುಂದರಂ ನಾಯ್ಡು ಅಲ್ಲಿ ತಯಾರಿಸಿದ ಮೋಟರು ದೇಶದ ಮೊದಲ ವಿದ್ಯುತ್ ಮೋಟರೆಂದು ಹೆಸರಾಯಿತು. ಇಂದು ಕೋಲಾರ, ತುಮಕೂರು, ಚಿತ್ರದುರ್ಗದ ಎಷ್ಟೋ ತೋಟಗಳಿಗೆ ನೀರೆತ್ತುತ್ತಿರುವುದು ಕೊಯಮತ್ತೂರಿನ ಪಂಪುಗಳೇ.

ಹಳೆಯ ತೆರೆದ ಬಾವಿಯ ಪಂಪಿನಲ್ಲಿ ಶಾಫ್ಟ್ ಹೊರಬರುವ ಕಡೆ ಸೋರಿಕೆಯನ್ನು ಹಿಡಿತದಲ್ಲಿಡಲು ಗ್ರಾಫೈಟ್ ಬಳಿದ ಹುರಿಯನ್ನು ಸುತ್ತಿ, ಗ್ಲಾಂಡ್ ನಟ್ಟು ಬಿಗಿಯುತ್ತಾರೆ. ಅಲ್ಲಿ ಹನಿಹನಿಯಾಗಿ ನೀರು ತೊಟ್ಟಿಕ್ಕುತ್ತಲೇ ಇರಬೇಕು. ಆ ಹನಿಯೇ ಹುರಿಯನ್ನು ತಂಪಾಗಿಡುತ್ತದೆ. ಸೋರಿಕೆ ಪೂರಾ ನಿಲ್ಲಲಿ ಎಂದು ನಟ್ಟನ್ನು ಇನ್ನೆರಡು ಸುತ್ತು ತಿರುಗಿಸಿದರೆ ಹುರಿ ಕರಕಲಾಗಿ ಶಾಫ್ಟ್ ಸವೆಯುತ್ತದೆ.

ಕೊಳವೆಬಾವಿಯ ಲೆಕ್ಕ ಬೇರೆ. ನೀರಿನ ಮಟ್ಟದಿಂದ ಪ್ರತಿ 10 ಮೀಟರ್ ಕೆಳಗಿಳಿದಂತೆ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಏರುತ್ತದೆ. 100 ಮೀಟರ್ ಮುಳುಗಿದ ಮೋಟರಿನೊಳಗೆ ಬರೀ ಗಾಳಿಯಿದ್ದರೆ, ತಿರುಗುವ ಶಾಫ್ಟಿನ ಸುತ್ತಲಿನ ಸೀಲು ಹಗಲೂ ರಾತ್ರಿ 10 ಕಿಲೋ ಒತ್ತಡ ತಡೆಯಬೇಕು. ಒಳಗೂ ನೀರಿದ್ದರೆ? ಮೋಟರಿನ ತಳದಲ್ಲಿ ರಬ್ಬರಿನ ಡಯಾಫ್ರಮ್ ಒಂದಿದೆ. ಅದರ ಒಂದು ಮಗ್ಗುಲಿಗೆ ಬಾವಿಯ ನೀರು, ಇನ್ನೊಂದು ಮಗ್ಗುಲಿಗೆ ಮೋಟರಿನ ನೀರು. ಹೊರಗಿನ ಒತ್ತಡವನ್ನು ಅದು ಒಳಕ್ಕೆ ದಾಟಿಸಿಬಿಡುತ್ತದೆ. ಎರಡೂ ಕಡೆ ಒತ್ತಡ ಹೆಚ್ಚುಕಡಿಮೆ ಸಮವಾದ ಮೇಲೆ ನುಗ್ಗುವ ನೀರಿಗೆ ಬಲವೇ ಉಳಿಯುವುದಿಲ್ಲ. ಸೀಲಿಗೆ ಉಳಿಯುವ ಮುಖ್ಯ ಕೆಲಸ ಮರಳನ್ನು ತಡೆಯುವುದು. ಮೋಟರು ಬಿಸಿಯಾಗಿ ಒಳಗಿನ ನೀರು 30 ಡಿಗ್ರಿಯಿಂದ 60 ಡಿಗ್ರಿಗೆ ಏರಿದರೆ ಅದರ ಗಾತ್ರ ನೂರಕ್ಕೆ ಒಂದು ಪಾಲಿಗಿಂತ ತುಸು ಹೆಚ್ಚು ಹಿಗ್ಗುತ್ತದೆ. ಆ ಹಿಗ್ಗಿಗೂ ಡಯಾಫ್ರಮೇ ಜಾಗ ಕೊಡುತ್ತದೆ. ಇನ್ನು ಕರೆಂಟಿನ ಮಾತು: ವೈಂಡಿಂಗ್ ತಂತಿಯ ಮೇಲೆ ಪ್ಲಾಸ್ಟಿಕ್ಕಿನ ಹೊದಿಕೆ ಇರುವುದರಿಂದ ಅದು ನೀರಿನಲ್ಲಿ ಮುಳುಗಿದ್ದರೂ ಶಾರ್ಟ್ ಆಗದು. ಒತ್ತಡದ ಎದುರು ಸೆಣಸುವುದನ್ನೇ ಬಿಟ್ಟುಕೊಟ್ಟ ಈ ಉಪಾಯ ನನಗೆ ಎಂಜಿನಿಯರಿಂಗಿನ ಅತ್ಯಂತ ಸೊಗಸಾದ ಯೋಚನೆಗಳಲ್ಲೊಂದು.

ತಿರುಗದ ಭಾಗಗಳ ಕೂಡುಗೆಯಲ್ಲಿ ಓ-ರಿಂಗ್ ಇರುತ್ತದೆ. ಅಮೆರಿಕದಲ್ಲಿ ನೆಲೆಸಿದ್ದ ಡೆನ್ಮಾರ್ಕಿನ ನೀಲ್ಸ್ ಕ್ರಿಸ್ಟೆನ್‌ಸೆನ್ 1930ರ ದಶಕದಲ್ಲಿ ರೂಪಿಸಿದ ಸಾಧನವಿದು. ತೋಡಿನೊಳಗೆ ಕೂತ ಈ ರಬ್ಬರ್ ಬಳೆಯನ್ನು ದ್ರವವಾಗಲಿ ಅನಿಲವಾಗಲಿ ಒತ್ತಿದಷ್ಟೂ ಅದು ಸಂದಿಗೆ ಇನ್ನಷ್ಟು ಅಮರಿಕೊಳ್ಳುತ್ತದೆ. ಆದರೆ ರಬ್ಬರಿಗೆ ಪುಟಿಯುವ ಗುಣ ಉಳಿದಿರಬೇಕು. 1986ರ ಜನವರಿ 28ರ ಚಳಿಯಲ್ಲಿ ಚಾಲೆಂಜರ್ ಬಾಹ್ಯಾಕಾಶ ನೌಕೆಯ ರಾಕೆಟ್ಟಿನ ಓ-ರಿಂಗ್ ಆ ಗುಣ ಕಳೆದುಕೊಂಡು ಬಿಸಿ ಅನಿಲವನ್ನು ಹೊರಬಿಟ್ಟಿತು. ಏಳು ಜನ ತೀರಿಕೊಂಡರು.

ಹಾಗಾಗಿ ಜೋಡಣೆಯ ಹೊತ್ತಿನ ಎಚ್ಚರಕ್ಕೆ ಇಷ್ಟು ಬೆಲೆ. ಓ-ರಿಂಗನ್ನು ಸ್ಕ್ರೂಡ್ರೈವರ್ ತುದಿಯಿಂದ ಎಬ್ಬಿ ಕೂರಿಸಬಾರದು. ಕೂದಲೆಳೆಯಷ್ಟು ಗೀರು ಬಿದ್ದರೂ ನೀರಿಗೆ ದಾರಿಯಾಗುತ್ತದೆ. ಇಪಿಡಿಎಂ ಎಂಬ ಬಗೆಯ ರಬ್ಬರಿನ ಬಳೆಗೆ ಸಾಮಾನ್ಯ ಪೆಟ್ರೋಲಿಯಂ ಗ್ರೀಸು ಸವರಿದರೆ ಅದು ಊದಿಕೊಳ್ಳುತ್ತದೆ, ಅದಕ್ಕೆ ಸಿಲಿಕೋನ್ ಗ್ರೀಸೇ ಆಗಬೇಕು. ಮೋಟರನ್ನು ನೆಟ್ಟಗೆ ನಿಲ್ಲಿಸಿ ಶುದ್ಧ ನೀರು ತುಂಬಿ, ಅಲುಗಾಡಿಸಿ, ಗುಳ್ಳೆಗಳೆಲ್ಲ ಹೊರಬಂದ ಮೇಲೆ ಮತ್ತೆ ತುಂಬಬೇಕು. ಒಳಗೆ ಗಾಳಿ ಉಳಿದರೆ ಆಳಕ್ಕೆ ಇಳಿದಾಗ ಅದು ಕುಗ್ಗಿ, ಆ ಜಾಗಕ್ಕೆ ಬಾವಿಯ ಕೆಸರು ನೀರು ಸೀಲಿನ ಸಂದಿಯಿಂದ ನುಸುಳಬಹುದು. ನೀರಿನ ಪದರದ ಮೇಲೆಯೇ ತಿರುಗುವ ಬೇರಿಂಗಿಗೆ ಅದು ಮಾರಕ.

ರಿಪೇರಿಗೆ ಬಂದ ಮೋಟರಿಗೆ ಹೊಸ ಸೀಲು ಹಾಕುವ ಮುನ್ನ ಹಳೆಯದು ಕೂತಿದ್ದ ಕಡೆ ಶಾಫ್ಟಿನ ಮೇಲೆ ಉಗುರು ಆಡಿಸಿ ನೋಡಬೇಕು. ಉಗುರು ಸಿಕ್ಕಿಕೊಂಡರೆ ಅಲ್ಲಿ ಗೆರೆ ಬಿದ್ದಿದೆ ಎಂದರ್ಥ. ಮೊದಲು ಶಾಫ್ಟಿಗೆ ತೊಡಿಸಿದ ಸ್ಲೀವ್ ಬದಲಾಯಿಸಬೇಕು, ಸೀಲು ಆಮೇಲೆ.