ಮಾಳಿಗೆಯ ಬಿಸಿಲು ಯಾರ ಪಾಲಿಗೆ?

ಮಾಳಿಗೆಯ ಮೇಲೆ ಶ್ಯಾವಿಗೆ, ಸಂಡಿಗೆ ಒಣಗಿಸುವ ನಮಗೆ ಬಿಸಿಲಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಿಲ್ಲ. ದೇವರ ಹಿಪ್ಪರಗಿಯಂಥ ಊರಲ್ಲಂತೂ ಅದಕ್ಕೆ ಬರವೇ ಇಲ್ಲ. ನಿಮ್ಮ ಹೆಸರಿನಲ್ಲಿ ಎರಡು ಅಂಗಡಿಗಳಿದ್ದು, ಅವುಗಳ ಬಾಡಿಗೆಯಲ್ಲೇ ಸಂಸಾರ ನಡೆಯುತ್ತಿದ್ದರೆ, ಸೋದರಿ, ಸೋಲಾರ್‌ಗೆ ಕೈಹಾಕುವ ಮೊದಲು ಒಂದು ಮಾತು ಕೇಳಿ.

ಮೀಟರು ಯಾರ ಹೆಸರಿನಲ್ಲಿದೆ? ನಿಮ್ಮದೋ, ಕಿರಾಣಿ ಅಂಗಡಿಯವರದೋ? ಪ್ಯಾನೆಲ್ಲನ್ನು ಯಾವ ಮೀಟರಿಗೆ ಜೋಡಿಸುತ್ತಾರೋ ಆ ಬಿಲ್ಲೇ ಇಳಿಯುವುದು. ದುಡ್ಡು ನಿಮ್ಮದು, ಉಳಿತಾಯ ಬಾಡಿಗೆದಾರರದು! “ನಾವೇನು ಹೊರಗಿನವರೇನ್ರೀ ಅಕ್ಕಾರ?” ಅಂದಾರು. ಬಾಯಿಮಾತಿಗೆ ಬಿಡಬೇಡಿ. ಬಾಡಿಗೆ ಎಷ್ಟು ಏರಬೇಕು, ಅವರು ಅಂಗಡಿ ಬಿಟ್ಟರೆ ಮುಂದೇನು ಎಂಬುದನ್ನು ಕರಾರುಪತ್ರದಲ್ಲೇ ಬರೆಸಿ.

2024ರಲ್ಲಿ ಬಂದ ಸೂರ್ಯಘರ್ ಯೋಜನೆಯ ಸಹಾಯಧನ ವಾಸದ ಮನೆಗಳಿಗೆಂದೇ ಇರುವುದು, ಅಂಗಡಿಗೆ ಸಿಗದು. ಆದರೆ ಅಂಗಡಿಯ ಕರೆಂಟು ಹೆಚ್ಚಾಗಿ ಹಗಲಲ್ಲೇ ಖರ್ಚಾಗುತ್ತದಲ್ಲ, ಅದೇ ಅನುಕೂಲ. ಒಂದು ಕಿಲೋವ್ಯಾಟಿಗೆ ಸುಮಾರು 100 ಚದರಡಿ ಜಾಗ ಬೇಕು, ದಿನಕ್ಕೆ ಸರಾಸರಿ 4 ಯೂನಿಟ್ ಬಂದೀತು. (ಸಂಡಿಗೆಗೆ ಒಂದು ಮೂಲೆ ಉಳಿಸಿಕೊಳ್ಳಿ!) ನೀರಿನ ಟಾಕಿಯ ನೆರಳು ತಾಗದಂತೆ, ದಕ್ಷಿಣಕ್ಕೆ ಮುಖಮಾಡಿ ಕೂಡಿಸಬೇಕು. ಧೂಳನ್ನು ಬೆಳಿಗ್ಗೆ, ಗಾಜು ಕಾಯುವ ಮೊದಲೇ ತೊಳೆಸಿ.

ಇನ್ನೊಂದು: ಬ್ಯಾಟರಿಯಿಲ್ಲದ ಜೋಡಣೆ ಊರ ಕರೆಂಟು ಹೋದಾಗ ತಾನೂ ನಿಲ್ಲುತ್ತದೆ. ಇದನ್ನು ಬಾಡಿಗೆದಾರರಿಗೆ ಮೊದಲೇ ಹೇಳಿಬಿಡಿ. ಹೆಸ್ಕಾಂ ಅರ್ಜಿಗೆ ಮೀಟರು ಅವರದಾದರೆ ಸಹಿಯೂ ಅವರದೇ ಬೇಕಾಗುತ್ತದೆ.