ಬೆಲೆ ಬಿಟ್‌ಗಲ್ಲ, ತೂತಿಗೆ

ಬೆಂಗಳೂರಿನ ಎಸ್‌ಜೆಪಿ ರಸ್ತೆಯ ಯಾವ ಟೂಲ್ ಅಂಗಡಿಗೆ ಹೋಗಿ ‘ಆರು ಎಂಎಂ ಡ್ರಿಲ್ ಬಿಟ್ ಕೊಡಿ’ ಅಂದರೂ ಕೌಂಟರಿನ ಆಚೆಯಿಂದ ಒಂದೇ ಪ್ರಶ್ನೆ ಬರುತ್ತದೆ: ‘ಲೋಕಲ್ ಕೊಡ್ಲಾ ಸಾರ್, ಕಂಪನಿದು ಕೊಡ್ಲಾ?’ ಎರಡನ್ನೂ ಪಕ್ಕಪಕ್ಕ ಇಟ್ಟರೆ ಹೊಸಬರಿಗೆ ವ್ಯತ್ಯಾಸ ಕಾಣುವುದಿಲ್ಲ. ಎರಡರ ಮೇಲೂ 6.0 ಎಂದೇ ಕೊರೆದಿರುತ್ತದೆ. ಆದರೆ ಒಂದು, ಗೇಟಿನ ಪಟ್ಟಿಯಲ್ಲಿ ನಾಲ್ಕು ತೂತು ಹಾಕುವಷ್ಟರಲ್ಲಿ ಮೊಂಡಾಗಿ ಕಿರುಚಲು ಶುರುಮಾಡುತ್ತದೆ. ಇನ್ನೊಂದು, ಸಾಣೆ ಹಿಡಿದಷ್ಟೂ ಸಲ ಎದ್ದು ಕೂರುತ್ತದೆ.

ನಾನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಟೂಲ್ ಸ್ಟೋರ್ ನೋಡಿಕೊಳ್ಳುವವನು. ಓದಿದ್ದು ಐಟಿಐ, ಫಿಟ್ಟರ್ ಟ್ರೇಡ್. ಬೆಳಿಗ್ಗೆ ಹುಡುಗರ ಹಿತ್ತಾಳೆ ಟೋಕನ್ ಇಸಿದುಕೊಂಡು ಬಿಟ್ ಕೊಡುವುದು, ಸಂಜೆ ಬಿಟ್ ಇಸಿದುಕೊಂಡು ಟೋಕನ್ ಹಿಂದಕ್ಕೆ ಕೊಡುವುದು ನನ್ನ ಕೆಲಸ. ವಾಪಸು ಬಂದ ಬಿಟ್‌ನ ತುದಿ ನೋಡಿದರೆ ಅದರ ಇಡೀ ದಿನ ಹೇಗೆ ಕಳೆಯಿತು ಅಂತ ಗೊತ್ತಾಗುತ್ತದೆ. ಹೊರಮೂಲೆಗಳು ಸವೆದು ದುಂಡಗಾಗಿದ್ದರೆ ಮೆಷಿನ್ ಅತಿ ವೇಗದಲ್ಲಿ ಓಡಿದೆ. ಕತ್ತರಿಸುವ ಅಂಚು ಚಕ್ಕೆ ಎದ್ದಿದ್ದರೆ ಯಾರೋ ಮೈಮೇಲೆ ಬಿದ್ದು ಒತ್ತಿದ್ದಾರೆ. ಹಿಡಿಯ ಭಾಗದಲ್ಲಿ ಗೀರು ಬಿದ್ದಿದ್ದರೆ ಚಕ್ ಸರಿಯಾಗಿ ಬಿಗಿದಿಲ್ಲ. ಮಾಲೀಕರು ನನ್ನನ್ನು ಬಿಟ್ ಬೆಲೆ ಎಷ್ಟು ಎಂದು ಕೇಳುತ್ತಾರೆ. ನಾನು ಒಂದು ತೂತಿಗೆ ಎಷ್ಟು ಬಿತ್ತು ಎಂದು ಲೆಕ್ಕ ಹೇಳುತ್ತೇನೆ. ಮನೆಗೆ ಒಂದೆರಡು ಬಿಟ್ ಕೊಳ್ಳುವವರಿಗೂ ಇದೇ ಲೆಕ್ಕ ಸರಿ.

ಉಕ್ಕು ಯಾವುದು?

ಸುರುಳಿ ಕಾಲುವೆಯ ಈ ಬಿಟ್‌ಗೆ ಅಮೆರಿಕದ ಸ್ಟೀಫನ್ ಮೋರ್ಸ್ ಪೇಟೆಂಟ್ ಪಡೆದದ್ದು 1863ರಲ್ಲಿ. ಅಂದಿನಿಂದ ಅದರ ಆಕಾರ ಹೆಚ್ಚೇನೂ ಬದಲಾಗಿಲ್ಲ, ಬದಲಾಗಿದ್ದು ಉಕ್ಕು. ಹಿಂದಿನ ಕಾರ್ಬನ್ ಸ್ಟೀಲ್ ಬಿಟ್‌ಗಳು ಇನ್ನೂರು ಇನ್ನೂರೈವತ್ತು ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೆತ್ತಗಾಗುತ್ತಿದ್ದವು. ಬೆತ್ಲೆಹೆಮ್ ಸ್ಟೀಲ್‌ನಲ್ಲಿ ಟೇಲರ್ ಮತ್ತು ವೈಟ್ ರೂಪಿಸಿದ ಹೊಸ ಉಕ್ಕನ್ನು 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಓಡಿಸಿ ತೋರಿಸಿದಾಗ ಟೂಲ್‌ನ ತುದಿ ಕೆಂಪಗೆ ಕಾದಿದ್ದರೂ ಕತ್ತರಿಸುತ್ತಲೇ ಇತ್ತು. ಇದೇ ಹೈ ಸ್ಪೀಡ್ ಸ್ಟೀಲ್, ನಮ್ಮ ಬಾಯಲ್ಲಿ ಎಚ್‌ಎಸ್‌ಎಸ್. ಆರುನೂರು ಡಿಗ್ರಿ ಹತ್ತಿರದವರೆಗೂ ಇದು ಗಡಸುತನ ಬಿಟ್ಟುಕೊಡುವುದಿಲ್ಲ.

ಇದರಲ್ಲೂ ದರ್ಜೆಗಳಿವೆ. ಸಾಮಾನ್ಯವಾಗಿ ಒಳ್ಳೆಯ ಬಿಟ್‌ಗೆ ಬಳಸುವುದು ಎಂ2: ಸುಮಾರು ಶೇ 6ರಷ್ಟು ಟಂಗ್‌ಸ್ಟನ್, ಶೇ 5ರಷ್ಟು ಮಾಲಿಬ್ಡಿನಂ, ಶೇ 4ರಷ್ಟು ಕ್ರೋಮಿಯಂ, ಶೇ 2ರಷ್ಟು ವೆನೇಡಿಯಂ. ಇದಕ್ಕೆ ಶೇ 5ರಷ್ಟು ಕೋಬಾಲ್ಟ್ ಸೇರಿದರೆ ಎಂ35. ಇನ್ನೊಂದು ಹದದಲ್ಲಿ ಶೇ 8ರಷ್ಟು ಕೋಬಾಲ್ಟ್ ಇರುವುದು ಎಂ42. ಸ್ಟೇನ್‌ಲೆಸ್ ಸ್ಟೀಲ್ ಕೊರೆಯುವವರಿಗೆ ಕೋಬಾಲ್ಟ್ ಬಿಟ್ ಕೊಟ್ಟ ಹಣಕ್ಕೆ ಮೋಸವಿಲ್ಲ. ಆದರೆ ಅದು ಗಡಸು ಹೆಚ್ಚಾದಷ್ಟೂ ಪೆಡಸು. ಕೈಯಲ್ಲಿ ಹಿಡಿಯುವ ಮೆಷಿನ್ ಕೊಂಚ ವಾಲಿದರೂ ಸಣ್ಣ ಸೈಜಿನ ಕೋಬಾಲ್ಟ್ ಬಿಟ್ ಪಟ್ಟನೆ ಮುರಿಯುತ್ತದೆ. ಮನೆಯಲ್ಲಿ ಮೈಲ್ಡ್ ಸ್ಟೀಲ್, ಅಲ್ಯೂಮಿನಿಯಂ, ಮರ ಕೊರೆಯುವವರಿಗೆ ಮಾಮೂಲಿ ಎಂ2 ಸಾಕು.

ಚಿನ್ನದ ಬಣ್ಣದ ಬಿಟ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಅದು ಟೈಟೇನಿಯಂ ನೈಟ್ರೈಡ್ ಲೇಪ, ಕೆಲವೇ ಮೈಕ್ರಾನ್ ದಪ್ಪ. ಒಳ್ಳೆಯ ಉಕ್ಕಿನ ಮೇಲಿದ್ದರೆ ಸವೆತ ನಿಜಕ್ಕೂ ಕಡಿಮೆಯಾಗುತ್ತದೆ. ಒಳಗಿನ ಉಕ್ಕೇ ಸರಿಯಿಲ್ಲದಿದ್ದರೆ ಅದು ಒನ್ ಗ್ರಾಂ ಗೋಲ್ಡ್ ಬಳೆ. ಮೊದಲ ಸಲ ಸಾಣೆ ಹಿಡಿದಾಗಲೇ ತುದಿಯ ಲೇಪ ಹೋಗುತ್ತದೆ, ಆಮೇಲೆ ಉಳಿಯುವುದು ಉಕ್ಕು ಮಾತ್ರ.

ಪೆಟ್ಟಿಗೆಯಲ್ಲಿ ಇಲ್ಲದ ಸೈಜುಗಳು

ನಮ್ಮ ದೇಶ ಮೆಟ್ರಿಕ್ ಕಾನೂನು ಮಾಡಿದ್ದು 1956ರಲ್ಲಿ. ಅಂಗಡಿಯಲ್ಲಿ ಮಾತ್ರ ಕಾಲಿಂಚು, ಅರ್ಧ ಇಂಚು ಇನ್ನೂ ಬದುಕಿವೆ. ಕಾಲಿಂಚು ಅಂದರೆ 6.35 ಎಂಎಂ. 6 ಎಂಎಂ ಪಿನ್ ಕೂರಬೇಕಾದ ಜಾಗಕ್ಕೆ ಕಾಲಿಂಚಿನ ಬಿಟ್ ಹಾಕಿದರೆ ಪಿನ್ ಲೊಡಲೊಡ ಅನ್ನುತ್ತದೆ. ಹಾಗಾಗಿ ಬಾಯಿಮಾತಿನ ಅಳತೆ ನಂಬದೆ ಬಿಟ್ ಮೇಲಿನ ಅಂಕಿ ಓದಿ.

ಮೆಟ್ರಿಕ್ ಸೆಟ್ ಎಂದು ಮಾರುವ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ 19 ಅಥವಾ 25 ಬಿಟ್ ಇರುತ್ತವೆ. ಮೊದಲನೆಯದರಲ್ಲಿ 1ರಿಂದ 10 ಎಂಎಂವರೆಗೆ, ಎರಡನೆಯದರಲ್ಲಿ 13ರವರೆಗೆ, ಅರ್ಧರ್ಧ ಎಂಎಂ ಏರಿಕೆ. ನೋಡಲು ಭರ್ತಿ, ಬೋಲ್ಟಿಗೆ ಟ್ಯಾಪ್ ಹೊಡೆಯಲು ಕೂತಾಗ ಕೊರತೆ ಕಾಣುತ್ತದೆ. ಎಂ3 ಬೋಲ್ಟಿಗೆ (ಇಲ್ಲಿ ಎಂ ಅಂದರೆ ಉಕ್ಕಿನ ದರ್ಜೆಯಲ್ಲ, ಬೋಲ್ಟಿನ ಅಳತೆ) 2.5, ಎಂ6ಕ್ಕೆ 5, ಎಂ10ಕ್ಕೆ 8.5 ಪೆಟ್ಟಿಗೆಯಲ್ಲೇ ಸಿಗುತ್ತವೆ. ಎಂ4ಕ್ಕೆ ಬೇಕಾದ 3.3, ಎಂ5ಕ್ಕೆ 4.2, ಎಂ8ಕ್ಕೆ 6.8, ಎಂ12ಕ್ಕೆ 10.2 ಸಿಗುವುದಿಲ್ಲ. 6.8ರ ಬದಲು 6.5 ಹಾಕಿದರೆ ಟ್ಯಾಪ್ ಬಿಗಿಯಾಗಿ ಮುರಿಯುವ ಭಯ, 7 ಹಾಕಿದರೆ ಮರೆ (ಥ್ರೆಡ್) ತೆಳುವಾಗುತ್ತದೆ.

ಪೆಟ್ಟಿಗೆಯಲ್ಲಿ ಅರ್ಧಕ್ಕಿಂತ ಹೆಚ್ಚು ಬಿಟ್‌ಗಳನ್ನು ಯಾರೂ ಮುಟ್ಟುವುದೇ ಇಲ್ಲ. ನಮ್ಮ ಸ್ಟೋರಿನಲ್ಲಿ 3.3, 4.2, 5, 6.8 ಡಜನ್‌ಗಟ್ಟಲೆ ಹೋಗುತ್ತವೆ, 9.5 ಎಣ್ಣೆ ಕಾಗದ ಬಿಚ್ಚದೆ ಮಲಗಿರುತ್ತದೆ. ಪೆಟ್ಟಿಗೆಗೆ ಕೊಡುವ ದುಡ್ಡಿನಲ್ಲಿ ನಿಮಗೆ ಬೇಕಾದ ಆರು ಸೈಜುಗಳನ್ನು ಒಳ್ಳೆಯ ಉಕ್ಕಿನಲ್ಲಿ, ಬಿಡಿಬಿಡಿಯಾಗಿ ಕೊಳ್ಳಿ.

ಕೌಂಟರಿನಲ್ಲಿ ನೋಡಬೇಕಾದದ್ದು

ಮೊದಲು ಹಿಡಿಯ ಮೇಲಿನ ಬರಹ. ಸೈಜು, ಎಚ್‌ಎಸ್‌ಎಸ್ ಅಥವಾ ಎಚ್‌ಎಸ್‌ಎಸ್-ಸಿಒ (ಕೋಬಾಲ್ಟ್), ತಯಾರಕರ ಹೆಸರು ಮೂರೂ ಸ್ಪಷ್ಟವಾಗಿರಬೇಕು. ಚೆನ್ನೈನ ಅಡಿಸನ್, ಗುಜರಾತಿನ ಮಿರಾಂಡಾ ಮುಂತಾದ ನಮ್ಮ ದೇಶದ ಹೆಸರುಗಳು ವರ್ಕ್‌ಶಾಪ್‌ಗಳಿಗೆ ಹಳೆಯ ಪರಿಚಯ. ಹೆಸರಿನಲ್ಲಿ ಒಂದಕ್ಷರ ಆಚೀಚೆ ಮಾಡಿದ ನಕಲು ಮಾಲೂ ಇರುತ್ತದೆ. ಅಧಿಕೃತ ಡೀಲರ್ ಹತ್ತಿರ ಬಿಲ್ ಸಮೇತ ಕೊಂಡರೆ ಆ ತಲೆನೋವಿಲ್ಲ.

ಎರಡನೆಯದು ಉದ್ದ. ಡಿಐಎನ್ 338 ಎಂಬ ಜರ್ಮನ್ ಮಾನದಂಡದ 6 ಎಂಎಂ ಬಿಟ್ ಒಟ್ಟು 93 ಎಂಎಂ ಇರುತ್ತದೆ, ಅದರಲ್ಲಿ ಸುರುಳಿ 57 ಎಂಎಂ. ತಗಡು ಕೊರೆಯುವವರು ಡಿಐಎನ್ 1897ರ ಗಿಡ್ಡ ಬಿಟ್ ಕೇಳಿ: ಅದೇ 6 ಎಂಎಂ, ಉದ್ದ 66 ಮಾತ್ರ. ಗಿಡ್ಡಗಿದ್ದಷ್ಟೂ ಬಳುಕುವುದು ಕಡಿಮೆ, ಮುರಿಯುವುದೂ ಕಡಿಮೆ.

ಮೂರನೆಯದು ನೇರ. ಕೌಂಟರಿನ ಗಾಜಿನ ಮೇಲೆ ಉರುಳಿಸಿ, ತುದಿ ಕುಣಿದರೆ ಅಲ್ಲೇ ಬಿಡಿ. ನಾಲ್ಕನೆಯದು ತುದಿ. ಎರಡು ಅಂಚುಗಳೂ ಒಂದೇ ಉದ್ದ, ಒಂದೇ ಓರೆ ಇರಬೇಕು. ಅಂಚು ಉದ್ದಗಿಡ್ಡವಾದರೆ 6ರ ಬಿಟ್ 6.3ರ ತೂತು ಹಾಕೀತು. 118 ಡಿಗ್ರಿ ತುದಿ ಎಲ್ಲ ಕೆಲಸಕ್ಕೂ ಆಗುತ್ತದೆ. 135 ಡಿಗ್ರಿಯ ಸ್ಪ್ಲಿಟ್ ಪಾಯಿಂಟ್ ಜಾರದೆ ಕೂರುತ್ತದೆ, ಸ್ಟೇನ್‌ಲೆಸ್‌ಗೆ ಒಳ್ಳೆಯದು. ಮೈಕ್ರೊಮೀಟರ್ ಇದ್ದವರು ವ್ಯಾಸ ಅಳೆದು ನೋಡಬಹುದು. ಮಾನದಂಡದ ಪ್ರಕಾರ ತಯಾರಾದ 6 ಎಂಎಂ ಬಿಟ್ 6.000ಕ್ಕಿಂತ ದಪ್ಪ ಇರುವಂತಿಲ್ಲ, 5.982ಕ್ಕಿಂತ ಸಣ್ಣಗೂ ಇರುವಂತಿಲ್ಲ.

ಗೋಡೆಗೆ ಇದ್ಯಾವುದೂ ಅಲ್ಲ. ಕಾಂಕ್ರೀಟ್ ಬಿಟ್‌ನ ತುದಿಗೆ ಕಾರ್ಬೈಡ್ ತುಂಡು ಬೆಸೆದಿರುತ್ತದೆ. ಅದು ಗುದ್ದಿ ಪುಡಿಮಾಡುತ್ತದೆ, ಎಚ್‌ಎಸ್‌ಎಸ್ ಕತ್ತರಿಸುತ್ತದೆ. ಎಚ್‌ಎಸ್‌ಎಸ್ ಬಿಟ್‌ನಲ್ಲಿ ಸಿಮೆಂಟು ಗೋಡೆ ಮುಟ್ಟಿದರೆ ಒಂದು ತೂತಿಗೇ ಅದರ ಕಥೆ ಮುಗಿಯುತ್ತದೆ.

ಬಿಟ್ ಸುಡುವುದು ವೇಗಕ್ಕೆ

ಹೊಸದಾಗಿ ಸೇರಿದ ಹುಡುಗನೊಬ್ಬ ಸ್ಟೇನ್‌ಲೆಸ್ ಪಟ್ಟಿ ಕೊರೆಯಲು ಹೋಗಿ ನೀಲಿಗಟ್ಟಿದ ಬಿಟ್ ತಂದು ‘ಡೂಪ್ಲಿಕೇಟ್ ಸಾರ್ ಇದು’ ಎಂದು ನನ್ನ ಕಿಟಕಿಯಲ್ಲಿ ಇಟ್ಟ. ‘ಬಿಟ್ ಬದಲಾಯಿಸೋದು ಆಮೇಲೆ ಕಣಪ್ಪ, ಮೊದಲು ಬೆಲ್ಟ್ ಬದಲಾಯಿಸು’ ಅಂದೆ. ಪಿಲ್ಲರ್ ಡ್ರಿಲ್‌ನ ಬೆಲ್ಟ್ ಮೇಲಿನ ಪುಲ್ಲಿಯಲ್ಲಿತ್ತು, ಮೆಷಿನ್ ಬೇಕಾದ್ದರ ಎರಡರಷ್ಟು ವೇಗದಲ್ಲಿ ತಿರುಗುತ್ತಿತ್ತು.

ಲೆಕ್ಕ ಸುಲಭ. ಎಚ್‌ಎಸ್‌ಎಸ್ ಬಿಟ್‌ನ ಅಂಚು ಮೈಲ್ಡ್ ಸ್ಟೀಲ್‌ನಲ್ಲಿ ನಿಮಿಷಕ್ಕೆ ಸುಮಾರು 25 ಮೀಟರ್ ಓಡಬಹುದು, ಸ್ಟೇನ್‌ಲೆಸ್‌ನಲ್ಲಿ ಸುಮಾರು 12. ಆ ಸಂಖ್ಯೆಯನ್ನು 320ರಿಂದ ಗುಣಿಸಿ ಬಿಟ್‌ನ ವ್ಯಾಸದಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಸುತ್ತು ಎಂಬುದು ಸಿಗುತ್ತದೆ. 6 ಎಂಎಂಗೆ ಮೈಲ್ಡ್ ಸ್ಟೀಲ್‌ನಲ್ಲಿ ಸುಮಾರು 1,330 ಸುತ್ತು, ಸ್ಟೇನ್‌ಲೆಸ್‌ನಲ್ಲಿ 640. 10 ಎಂಎಂಗೆ ಮೈಲ್ಡ್ ಸ್ಟೀಲ್‌ನಲ್ಲೂ 800 ಅಷ್ಟೆ. ಮನೆಯ ಕೈ ಮೆಷಿನ್ ಟ್ರಿಗರ್ ಪೂರ್ತಿ ಒತ್ತಿದರೆ 2,800ರ ಆಸುಪಾಸಿನಲ್ಲಿ ತಿರುಗುತ್ತದೆ. ಆಗ 10 ಎಂಎಂ ಬಿಟ್‌ನ ಅಂಚು ನಿಮಿಷಕ್ಕೆ 88 ಮೀಟರ್ ಓಡುತ್ತದೆ, ಮಿತಿಯ ಮೂರೂವರೆ ಪಟ್ಟು. ಎಂಥ ಕಂಪನಿ ಬಿಟ್ ಆದರೂ ತಡೆಯುವುದಿಲ್ಲ.

ಸ್ಟೇನ್‌ಲೆಸ್‌ಗೆ ಇನ್ನೊಂದು ಗುಣವಿದೆ. ಒತ್ತದೆ ಸುಮ್ಮನೆ ಉಜ್ಜಿದರೆ ಆ ಜಾಗವೇ ಗಟ್ಟಿಯಾಗುತ್ತದೆ, ಮತ್ತೆ ಬಿಟ್ ಹಿಡಿಯುವುದೇ ಇಲ್ಲ. ನಿಧಾನ ತಿರುಗಿಸಿ, ಒಂದೇ ಸಮ ಒತ್ತಿ, ಕಟಿಂಗ್ ಆಯಿಲ್ ಹಾಕುತ್ತಿರಿ. ಅಲ್ಯೂಮಿನಿಯಂಗೆ ಸೀಮೆಎಣ್ಣೆ ಒಳ್ಳೆಯದು, ಬೀಡು ಕಬ್ಬಿಣಕ್ಕೆ ಏನೂ ಬೇಡ. ದೊಡ್ಡ ತೂತಿದ್ದರೆ ಮೊದಲು ಪಂಚ್ ಹೊಡೆದು, ಸಣ್ಣ ಬಿಟ್‌ನಲ್ಲಿ ದಾರಿ ಮಾಡಿ. ಉಕ್ಕಿನಲ್ಲಿ ಎರಡೂ ಕಾಲುವೆಗಳಿಂದ ಸುರುಳಿ ಸುರುಳಿಯಾಗಿ ಚೂರು ಬರುತ್ತಿದ್ದರೆ ಎಲ್ಲ ಸರಿಯಿದೆ. ಒಂದೇ ಕಡೆಯಿಂದ ಬಂದರೆ ತುದಿ ಸರಿಯಿಲ್ಲ, ಪುಡಿ ಬಂದರೆ ಬಿಟ್ ಕತ್ತರಿಸುತ್ತಿಲ್ಲ, ಉಜ್ಜುತ್ತಿದೆ.

ಸಾಣೆ

ಎಚ್‌ಎಂಟಿಯಲ್ಲಿ ಅಪ್ರೆಂಟಿಸ್ ಆಗಿ ಕಲಿತು ಬಂದ ಹಿರಿಯ ಮೇಸ್ತ್ರಿಯೊಬ್ಬರು ನಮ್ಮಲ್ಲಿದ್ದರು. ಹೊಸಬರಿಗೆ ಅವರು ಕೊಡುತ್ತಿದ್ದ ಮೊದಲ ಕೆಲಸ ಮೊಂಡು ಬಿಟ್‌ಗೆ ಗ್ರೈಂಡರ್‌ನಲ್ಲಿ ಸಾಣೆ ಹಿಡಿಯುವುದು. ಎರಡು ಅಂಚು ಸಮ, ಅಂಚಿನ ಹಿಂದೆ ಎಂಟರಿಂದ ಹನ್ನೆರಡು ಡಿಗ್ರಿ ಇಳಿಜಾರು, ಗೇಜ್ ಹಿಡಿದು ಪರೀಕ್ಷೆ. ಕೆಂಪಗಾದ ಎಚ್‌ಎಸ್‌ಎಸ್ ಬಿಟ್ಟನ್ನು ನೀರಿಗೆ ಅದ್ದಿದವರಿಗೆ ಅವರಿಂದ ಬೈಗುಳ ಖಾತ್ರಿ, ಏಕೆಂದರೆ ಕಣ್ಣಿಗೆ ಕಾಣದ ಬಿರುಕು ಬಿಟ್ಟು ಆಮೇಲೆ ಅಂಚು ಉದುರುತ್ತದೆ. ಸಾಣೆ ಹಿಡಿದು ಹಿಡಿದು ಬಿಟ್ ಗಿಡ್ಡವಾದಂತೆ ಮಧ್ಯದ ತಿರುಳು ದಪ್ಪವಾಗುತ್ತದೆ, ಅದನ್ನೂ ಕೊಂಚ ತೆಳು ಮಾಡಬೇಕು.

ಇದೇ ಗ್ರೈಂಡರ್ ಉಕ್ಕಿನ ಜಾತಿಯನ್ನೂ ಹೇಳುತ್ತದೆ. ಕಾರ್ಬನ್ ಸ್ಟೀಲ್ ಬೆಳ್ಳಗೆ ಸಿಡಿಯುವ ಕಿಡಿ ಚೆಲ್ಲುತ್ತದೆ, ಎಚ್‌ಎಸ್‌ಎಸ್‌ನ ಕಿಡಿ ಮಂದ, ಕೆಂಪು, ಸಿಡಿಯುವುದು ಅಪರೂಪ. ‘ಎಚ್‌ಎಸ್‌ಎಸ್’ ಎಂದು ಬರೆದ ಬಿಟ್ ಮುರಿದರೆ ಹಿಡಿಯ ಕಡೆ ಬೇಡ, ಸುರುಳಿಯ ಕಡೆ ಮುಟ್ಟಿಸಿ ನೋಡಿ. ಬೇರೆ ಉಕ್ಕಿನ ಹಿಡಿ ಬೆಸೆದ ಬಿಟ್‌ಗಳೂ ಇರುತ್ತವೆ.

ತೂತಿನ ಲೆಕ್ಕ ಕೂಡುವುದು ಇಲ್ಲೇ. ಕಳಪೆ ಬಿಟ್‌ಗೆ ಸಾಣೆ ಹಿಡಿದರೂ ಮುಂದಿನ ತೂತಿಗೇ ಮತ್ತೆ ಮೊಂಡು, ಆ ಶ್ರಮಕ್ಕೆ ಅದು ಯೋಗ್ಯವಲ್ಲ. ಒಳ್ಳೆಯ ಉಕ್ಕಿನದು ಸುರುಳಿ ಮುಗಿಯುವವರೆಗೂ ಕೆಲಸ ಕೊಡುತ್ತದೆ. ಸಾಣೆ ಹಿಡಿಯಲು ಬಾರದವರು ಹತ್ತಿರದ ಲೇತ್ ವರ್ಕ್‌ಶಾಪಿಗೆ ಕೊಟ್ಟರೆ ಮಾಡಿಕೊಡುತ್ತಾರೆ.

ಹೊಸ ಹೆಸರಿನ ಬಿಟ್ ಬಂದಾಗ ನಾನು ಡಜನ್ ಕೊಳ್ಳುವುದಿಲ್ಲ. ಒಂದೇ ಒಂದು ತರಿಸಿ, ನಾವು ದಿನಾ ಕೊರೆಯುವ ಪಟ್ಟಿಯಲ್ಲೇ, ಸರಿಯಾದ ವೇಗದಲ್ಲಿ ಓಡಿಸಿ, ಮೊಂಡಾದ ಮೇಲೆ ಸಾಣೆ ಹಿಡಿದು ಮತ್ತೊಮ್ಮೆ ಓಡಿಸುತ್ತೇನೆ. ಎರಡನೇ ಸಲವೂ ಮೊದಲಿನಷ್ಟೇ ತೂತು ಹಾಕಿದರೆ ಆರ್ಡರ್ ಬರೆಯುತ್ತೇನೆ.