21 ಕಿಲೋಮೀಟರ್, ಆದರೆ ಬೆಟ್ಟದ ಮೇಲೆ

ರಸ್ತೆಯಲ್ಲಿ ಎರಡು ಗಂಟೆಯೊಳಗೆ ಹಾಫ್ ಮ್ಯಾರಥಾನ್ ಮುಗಿಸಿದವರಿಗೆ ಮುಂದೆ ಕಣ್ಣು ಹೋಗುವುದು ಬೆಟ್ಟದ ಕಡೆಗೆ. 2012ರಲ್ಲಿ ಶುರುವಾದ ಲಡಾಖ್ ಮ್ಯಾರಥಾನ್‌ನಲ್ಲಿ ಹಾಫ್ ಕೂಡ ಇದೆ, ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ. ದೂರ ಅದೇ 21.1 ಕಿ.ಮೀ. ತಾನೇ, ಹತ್ತು ನಿಮಿಷ ಜಾಸ್ತಿ ಆಗಬಹುದು ಅಷ್ಟೇ ಅಂದುಕೊಂಡು ಹೊರಟರೆ ಲೆಕ್ಕ ತಪ್ಪುತ್ತದೆ. ನಾವು ಎಂಜಿನಿಯರಿಂಗ್ ಓದೋರು, ಲೆಕ್ಕವನ್ನೇ ಮಾಡಿ ನೋಡೋಣ.

ಮೊದಲು ಗಾಳಿ. ಎಷ್ಟೇ ಮೇಲೆ ಹೋದರೂ ಗಾಳಿಯಲ್ಲಿ ಆಮ್ಲಜನಕದ ಪಾಲು ಶೇ. 21ರ ಆಸುಪಾಸೇ. ಇಳಿಯುವುದು ಒತ್ತಡ. ಸಮುದ್ರಮಟ್ಟದಲ್ಲಿ 101 ಕಿಲೋಪಾಸ್ಕಲ್ ಇದ್ದದ್ದು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಸುಮಾರು 91, ಲೇಹ್‌ನಲ್ಲಿ ಸುಮಾರು 66. ಅಂದರೆ ಒಂದೊಂದು ಉಸಿರಿನಲ್ಲೂ ಬೆಂಗಳೂರಿಗಿಂತ ಕಾಲು ಭಾಗಕ್ಕೂ ಹೆಚ್ಚು ಆಮ್ಲಜನಕ ಖೋತಾ. ದೇಹ ಜೋರಾಗಿ ಉಸಿರಾಡಿ ಸ್ವಲ್ಪ ಸರಿದೂಗಿಸುತ್ತದೆ. ಆದರೂ ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ, ಅಂದರೆ ವಿಓಟು ಮ್ಯಾಕ್ಸ್, ಶೇ. 15ರಷ್ಟು ಕುಸಿಯಿತು ಅಂತ ಇಟ್ಟುಕೊಳ್ಳಿ. ಇಲ್ಲಿ ನಿಮ್ಮ ಸಾಮರ್ಥ್ಯದ ಶೇ. 80ರಲ್ಲಿ ಆರಾಮಾಗಿ ಓಡುತ್ತಿದ್ದ ವೇಗ ಅಲ್ಲಿ ಶೇ. 94 ಆಗುತ್ತದೆ. ಆ ಮಟ್ಟದಲ್ಲಿ ಕೆಲವು ನಿಮಿಷ ತಳ್ಳಬಹುದು, ಎರಡು ಗಂಟೆ ಆಗೋದಿಲ್ಲ.

ಎರಡನೆಯದು ಏರು. 60 ಕೆ.ಜಿ. ತೂಕದವರು 100 ಮೀಟರ್ ಮೇಲೇರಲು ಬೇಕಾದ ಶಕ್ತಿ ಎಂಜಿಎಚ್ ಪ್ರಕಾರ ಸುಮಾರು 59 ಕಿಲೋಜೌಲ್. ಸ್ನಾಯುವಿನ ದಕ್ಷತೆ ಶೇ. 25 ಅಂತ ಹಿಡಿದರೆ ದೇಹ ಸುಡಬೇಕಾದದ್ದು ಅದರ ನಾಲ್ಕು ಪಟ್ಟು, ಹತ್ತಿರ ಹತ್ತಿರ 56 ಕಿಲೋಕ್ಯಾಲರಿ. ಅದೇ ವ್ಯಕ್ತಿ ಸಮತಟ್ಟಿನಲ್ಲಿ ಒಂದು ಕಿ.ಮೀ. ಓಡಲು ಬೇಕಾಗುವುದು ಸುಮಾರು 60. ಹಾಗಾಗಿ 100 ಮೀಟರ್ ಏರು ಅಂದರೆ ಒಂದು ಕಿ.ಮೀ. ಹೆಚ್ಚುವರಿ ಓಟ. ಅಂತರರಾಷ್ಟ್ರೀಯ ಟ್ರೇಲ್ ರನ್ನಿಂಗ್ ಸಂಘವೂ ರೇಸಿನ ಶ್ರಮವನ್ನು ಇದೇ ಸೂತ್ರದಿಂದ ಅಳೆಯುತ್ತದೆ. ಒಟ್ಟು 800 ಮೀಟರ್ ಏರು ಇರುವ ಬೆಟ್ಟದ ಹಾಫ್ ನಿಮ್ಮ ಕಾಲಿಗೆ 29 ಕಿ.ಮೀ. ಇದ್ದಂತೆ. ಹೆಸರು ಕೊಡುವ ಮುಂಚೆ ದೂರ ಮಾತ್ರ ನೋಡಬೇಡಿ, ಏರು ಎಷ್ಟು ಅಂತಲೂ ನೋಡಿ.

ಇದರಿಂದ ರೇಸಿನ ತಂತ್ರವೂ ಬದಲಾಗುತ್ತದೆ. ಕಿಲೋಮೀಟರಿಗೆ ಇಷ್ಟು ನಿಮಿಷ ಅಂತ ವಾಚ್ ನೋಡಿ ಓಡಿದರೆ ಏರಿನಲ್ಲಿ ಸುಸ್ತು ಗ್ಯಾರಂಟಿ. ವೇಗ ಬಿಟ್ಟು ಶ್ರಮವನ್ನು ಒಂದೇ ಸಮ ಇಟ್ಟುಕೊಳ್ಳಬೇಕು. ಏರಿನಲ್ಲಿ ಎರಡು ಮಾತು ಆಡಲು ಆಗುತ್ತಿದೆಯಾ? ಹಾಗಾದರೆ ಸರಿಯಾಗಿದ್ದೀರಿ. ಸುಮಾರು 15 ಡಿಗ್ರಿ ದಾಟಿದ ಕಡಿದಾದ ಜಾಗದಲ್ಲಿ ಓಡೋದಕ್ಕಿಂತ ಬಿರುಸಾಗಿ ನಡೆಯುವುದಕ್ಕೆ ಕಡಿಮೆ ಶಕ್ತಿ ಸಾಕು. ಅಲ್ಲಿ ನಡೆದರೆ ಅವಮಾನವೇನಿಲ್ಲ, ಪೋಡಿಯಂ ಹತ್ತುವವರೂ ನಡೆಯುತ್ತಾರೆ.

ಇಳಿಜಾರು ಪುಕ್ಕಟೆ ಸಿಕ್ಕಿದ್ದು ಅಂತ ಅನ್ನಿಸುತ್ತದೆ. ಉಸಿರಿನ ಮಟ್ಟಿಗೆ ನಿಜ, ತೊಡೆಯ ಮಟ್ಟಿಗೆ ಅಲ್ಲ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಬ್ರೇಕ್ ಹಾಕಬೇಕು. ಆಗ ಅದರ ಎಳೆಗಳಿಗೆ ಸಣ್ಣ ಸಣ್ಣ ಪೆಟ್ಟು ಬೀಳುತ್ತದೆ. ಮಾರನೇ ದಿನ ಹಾಸ್ಟೆಲ್ ಮೆಟ್ಟಿಲು ಇಳಿಯಲಾಗದೆ ಒದ್ದಾಡುವುದು ಇದಕ್ಕೇ. ಒಳ್ಳೆಯ ಸುದ್ದಿ ಏನೆಂದರೆ, ಒಮ್ಮೆ ಇಳಿಜಾರು ಓಡಿದರೆ ಆ ಸ್ನಾಯು ಕೆಲವು ವಾರಗಳ ಕಾಲ ಅಂಥ ಪೆಟ್ಟನ್ನು ಚೆನ್ನಾಗಿ ತಡೆಯುತ್ತದೆ. ಆದ್ದರಿಂದ ರೇಸಿಗೆ ಎರಡು ಮೂರು ವಾರ ಮುಂಚೆ ಇಳಿಯುವುದನ್ನೂ ಅಭ್ಯಾಸ ಮಾಡಿ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು, ನಂದಿ ಬೆಟ್ಟದ ರಸ್ತೆ ಇದಕ್ಕೆ ಸಾಕು. ಬೆಟ್ಟ ದೂರ ಇದ್ದರೆ ಫ್ಲೈಓವರೂ ಆದೀತು, ಬೆಳಗಿನ ಜಾವ ಗಾಡಿಗಳಿಲ್ಲದಾಗ.

ಆದರೆ ಎತ್ತರಕ್ಕೆ ಒಗ್ಗಿಕೊಳ್ಳುವುದನ್ನು ಇಲ್ಲಿ ಅಭ್ಯಾಸ ಮಾಡಲಾಗದು. ನಂದಿ ಬೆಟ್ಟ 1,478 ಮೀಟರ್, ಮುಳ್ಳಯ್ಯನಗಿರಿಯೂ 2,000 ಮುಟ್ಟುವುದಿಲ್ಲ. ವಿಮಾನದಲ್ಲಿ ಲೇಹ್‌ಗೆ ಇಳಿದವರು ಮೊದಲ ಎರಡು ದಿನ ಸುಮ್ಮನೆ ವಿಶ್ರಾಂತಿ ತಗೋಬೇಕು, ರೇಸಿಗೆ ಮುಂಚೆ ವಾರವಾದರೂ ಅಲ್ಲಿರಬೇಕು. ಉಸಿರಾಟ ಕೆಲವು ದಿನಗಳಲ್ಲಿ ಹೊಂದಿಕೊಳ್ಳುತ್ತದೆ, ಕೆಂಪು ರಕ್ತಕಣ ಹೆಚ್ಚಲು ವಾರಗಳೇ ಬೇಕು. ತಲೆನೋವಿನ ಜೊತೆ ವಾಕರಿಕೆ, ತಲೆಸುತ್ತು ಬಂದರೆ ಓಟದ ಮಾತೇ ಬೇಡ. ಉಬ್ಬಸ ಹೆಚ್ಚಿದರೆ, ನಡಿಗೆ ತಡವರಿಸಿದರೆ ತಕ್ಷಣ ಕೆಳಗಿನ ಊರಿಗೆ ಇಳಿಯಬೇಕು, ವೈದ್ಯರನ್ನು ಕಾಣಬೇಕು.

ಕೊನೆಯದು ಹವಾಮಾನ. 2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದಲ್ಲಿ ನಡೆದ 100 ಕಿ.ಮೀ. ಬೆಟ್ಟದ ರೇಸಿನಲ್ಲಿ 172 ಜನ ಓಡಿದ್ದರು. ಇದ್ದಕ್ಕಿದ್ದಂತೆ ಬಿರುಗಾಳಿ, ಆಲಿಕಲ್ಲು, ಕೊರೆಯುವ ಮಳೆ ಬಂತು. ಹಲವರ ಮೈಮೇಲೆ ಇದ್ದದ್ದು ಟೀಶರ್ಟ್, ಚಡ್ಡಿ ಮಾತ್ರ. 21 ಜನ ಸತ್ತರು. ಅವರಲ್ಲಿ ದೇಶದ ಅತ್ಯುತ್ತಮ ಓಟಗಾರರೂ ಇದ್ದರು. ಕುರಿ ಕಾಯುವವರೊಬ್ಬರು ಗುಹೆಯಲ್ಲಿ ಬೆಂಕಿ ಹಾಕಿ ಆರು ಜನರನ್ನು ಉಳಿಸಿದರು. ಫಿಟ್‌ನೆಸ್ ಚಳಿಯಿಂದ ಕಾಪಾಡುವುದಿಲ್ಲ. ಓಡುವಷ್ಟು ಹೊತ್ತು ಮೈ ಬಿಸಿಯಾಗಿರುತ್ತದೆ, ನಿಂತ ಕೂಡಲೇ ಒದ್ದೆ ಬಟ್ಟೆ ಶಾಖವನ್ನೆಲ್ಲ ಹೀರುತ್ತದೆ.

ಹಾಗಾಗಿ ಮುಷ್ಟಿಯಲ್ಲಿ ಹಿಡಿಸುವ ಗಾಳಿತಡೆ ಜಾಕೆಟ್ ಒಂದು ಜೊತೆಗಿರಲಿ. ಅದರ ತೂಕದಿಂದ ಅರ್ಧ ನಿಮಿಷ ಹೋದರೆ ಹೋಗಲಿ. ಯಾವ ಸ್ಥಿತಿಯಲ್ಲಿ ರೇಸ್ ಬಿಡುತ್ತೀರಿ ಅನ್ನುವುದನ್ನು ಹಿಂದಿನ ರಾತ್ರಿಯೇ ತೀರ್ಮಾನಿಸಿ, ಜೊತೆಗೆ ಬಂದ ಗೆಳೆಯರಿಗೂ ಹೇಳಿಡಿ. ಆಮ್ಲಜನಕ ಕಡಿಮೆಯಾದಾಗ ಮೊದಲು ಮಂಕಾಗುವುದರಲ್ಲಿ ಬುದ್ಧಿಯೂ ಒಂದು. ಆ ಹೊತ್ತಿನಲ್ಲಿ ಲೆಕ್ಕ ಹಾಕಲು ಕೂರುವ ಬದಲು, ಹಾಕಿಟ್ಟ ಲೆಕ್ಕ ಕೈಯಲ್ಲಿರುವುದು ವಾಸಿ.